ಪೂಜೆಗೆ ಕೂತ ಗುಂಡುಗಳು

ಖಂಡೇಪೂಜೆಯ ದಿನ ಹನುಮವ್ವನ ಮನೆಯಲ್ಲಿ ಕೆಲಸ ಮಾಡುವ ಸ್ವಾತಂತ್ರ್ಯ ಇದ್ದದ್ದು ನೊಣಗಳಿಗೆ ಮಾತ್ರ. ಮಿಕ್ಕಿದ್ದೆಲ್ಲ ಪೂಜೆಗೆ ಕೂರಬೇಕು. ಹೋಳಿಗೆಯನ್ನು ಬೆಳಗಾಗುವ ಮೊದಲೇ ಲಟ್ಟಿಸಿಟ್ಟು, ಲಟ್ಟಣಿಗೆಯನ್ನೂ ತೊಳೆದು ಕುಂಕುಮ ಹಚ್ಚಿ ಕೂರಿಸುವಷ್ಟು ಕಟ್ಟುನಿಟ್ಟು ಅವಳದು.

ನಾಸಿಕದ ಭಾಂಡಿ ಬಜಾರಿನ ಹಿಂದಿನ ಓಣಿಯಲ್ಲಿ ಅವಳ ಮಗ ಪರಮೇಶ್ವರನ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಬ್ಯಾಂಡಿನವರ ಹಿತ್ತಾಳೆ ವಾದ್ಯಗಳನ್ನು ರಿಪೇರಿ ಮಾಡುವುದು ಅವನ ಕಸುಬು. ಆ ವರ್ಷವೂ ನವಮಿಯ ಬೆಳಿಗ್ಗೆ ಅವಳು ಅವನ ಸಾಮಾನನ್ನೆಲ್ಲ ಕಂಬಳಿಯ ಮೇಲೆ ಹರಡಿದಳು. ನೆಲ್ಲಿಕಾಯಿಯಿಂದ ಮೋಸಂಬಿಯ ಗಾತ್ರದವರೆಗೆ ಉಕ್ಕಿನ ಗುಂಡುಗಳು, ಬಾಗಿದ ಉದ್ದನೆಯ ಸರಳು, ಮರದ ಕೊಡತಿ, ಬೆಸುಗೆಯ ದೀಪ. ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂ. ಮರುದಿನ ಸಂಜೆ ಬನ್ನಿ ಮುಡಿಯುವ ತನಕ ಅವನ್ನು ಯಾರೂ ಮುಟ್ಟುವ ಹಾಗಿಲ್ಲ.

ಇದು ಬರೀ ಮಡಿವಂತಿಕೆಯಲ್ಲ. ಇಂಡಿ ಕಡೆಯಿಂದ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಬಂದಿದ್ದ ಅವಳ ಗಂಡ ಅಮಸಿದ್ದ, ಇಂಥದೇ ಒಂದು ನವಮಿಯಂದು ಪೂಜೆಗಿಟ್ಟ ಗಾರೆ ಮೆತ್ತುವ ಕರಣಿ ಎತ್ತಿಕೊಂಡು ಹೋಗಿದ್ದ. ಒಂದು ತಾಸಿನ ಕೆಲಸ ಎಂದು ಗುತ್ತೇದಾರ ಹೇಳಿಕಳಿಸಿದ್ದ. ಅಮಸಿದ್ದ ಗೋಡೆಗೆ ಕಟ್ಟಿದ ಬಿದಿರಿನ ಸಾರುವೆಯ ಮೇಲಿಂದ ಬಿದ್ದ. ಮನೆಗೆ ತಿರುಗಿ ಬಂದದ್ದು ಕರಣಿ ಮಾತ್ರ. ಆವತ್ತಿನಿಂದ ಹನುಮವ್ವನಿಗೆ ದೇವರಿಗಿಂತ ಆ ದಿನದ ಹೆದರಿಕೆಯೇ ಹೆಚ್ಚು. ಇರುವವನು ಒಬ್ಬನೇ ಮಗ.

ತಾಯಿ ಮಗ ಊಟಕ್ಕೆ ಕೂರುವ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಸೊಂಟದ ಮೇಲೆ ಕೂಸನ್ನು ಎತ್ತಿಕೊಂಡ ಹಾಗೆ ದೊಡ್ಡ ಹೊಟ್ಟೆಯ ಒಂದು ಹಿತ್ತಾಳೆ ತುತ್ತೂರಿ, ಯುಫೋನಿಯಂ. ಹೆಸರು ಅಲಕಾ, ಆಗಿನ್ನೂ ಬಹಳಷ್ಟು ಜನ ಔರಂಗಾಬಾದ್ ಎನ್ನುತ್ತಿದ್ದ ಸಂಭಾಜಿನಗರದಿಂದ ಬೆಳಗಿನ ಬಸ್ಸು ಹಿಡಿದು ಬಂದಿದ್ದಳು. ಅಲ್ಲಿ ಅವಳ ಗಂಡ ಮಧುಕರನದು ಬ್ಯಾಂಡ್ ಪಾರ್ಟಿ. ಅವನು ಕಾಮಾಲೆಯಾಗಿ ಹಾಸಿಗೆ ಹಿಡಿದ ಮೇಲೆ ಪಾರ್ಟಿ ನಡೆಸುತ್ತಿದ್ದವಳು ಇವಳೇ. ತವರು ಸೊಲ್ಲಾಪುರ, ಆದ್ದರಿಂದ ಕನ್ನಡಕ್ಕೇನೂ ಕೊರತೆಯಿಲ್ಲ.

“ನಿನ್ನೆ ಟ್ರ್ಯಾಕ್ಟರ್ ಮ್ಯಾಲಿಂದ ಬಿತ್ತರಿ,” ಎಂದಳು. “ನಾಳೆ ಮುಂಜಾನೆ ದೇವಿ ಮೆರವಣಿಗಿ ಅದ. ಇದಿಲ್ಲಂದ್ರ ಬ್ಯಾಂಡ್ ಸಪ್ಪಗ ಆಗ್ತದ. ಸಿಲ್ಲೋಡಿನ ಪಾರ್ಟಿ ಕಾಯ್ಕೊಂತ ನಿಂತದ. ಒಮ್ಮೆ ಅವರು ಒಳಗ ಹೊಕ್ಕರ ನಮ್ಮನ್ನ ಮತ್ತ್ಯಾರೂ ಕರಿಯೂದಿಲ್ಲ.”

ಪರಮೇಶ್ವರ ಅದನ್ನು ತಿರುಗಿಸಿ ನೋಡಿದ. ಕೊಳವೆ ಬಾಗುವ ಜಾಗದಲ್ಲಿ ಮುಷ್ಟಿ ಹಿಡಿಯುವಷ್ಟು ನೆಗ್ಗು. ಊದಿದರೆ ಶೀತ ಹಿಡಿದ ಎಮ್ಮೆಯ ಹಾಗೆ ಕೂಗಿತು.

“ಗಾಳಿ ಮುಂದ ಹೋಗವಲ್ತು. ಒಳಗ ಗುಂಡು ಬಿಟ್ಟು ಹೊರಗಿಂದ ಬಡದ್ರ ಏಳ್ತದ. ಎರಡು ತಾಸಿನ ಕೆಲಸ.”

ತಾಸಿನ ಕೆಲಸ ಎಂಬ ಮಾತು ಕಿವಿಗೆ ಬಿದ್ದದ್ದೇ ಹನುಮವ್ವ ಕಂಬಳಿಗೆ ಅಡ್ಡ ನಿಂತಳು. “ನಾಳೆ ಸಂಜಿಗಿ ಬಾ ತಂಗಿ,” ಎಂದಳು. “ಈಗ ಊಟ ಮಾಡು.”

ಪರಮೇಶ್ವರ ಅವ್ವನ ಮುಖ ನೋಡಿದ, ವಾದಕ್ಕೆ ಹೋಗಲಿಲ್ಲ. “ಪೂಜಿ ಸಾಮಾನು ಮುಟ್ಟೂದಿಲ್ಲವ್ವ, ಬ್ಯಾರೆ ಏನರ ನೋಡ್ತೀನಿ,” ಎಂದು ಹೊರಬಿದ್ದ. ಗ್ಯಾರೇಜಿನಲ್ಲಿ ಬೇರಿಂಗಿನ ಗುಂಡು ಸಿಕ್ಕೀತು ಎಂಬ ಆಸೆ. ಆದರೆ ಗ್ಯಾರೇಜಿನ ಜಾಕು ಕೂಡ ಹೂ ಮುಡಿದು ಮದುಮಗನಂತೆ ಕೂತಿತ್ತು. ಸೈಕಲ್ ಅಂಗಡಿಯ ಪಂಪಿಗೂ ಹಣೆ ತುಂಬ ಕುಂಕುಮ. ನಾಸಿಕಕ್ಕೆ ನಾಸಿಕವೇ ಪೂಜೆಗೆ ಕೂತಿರುವಾಗ ಇವನಿಗೊಬ್ಬನಿಗೆ ಯಾರು ಗುಂಡು ಕೊಟ್ಟಾರು? ಕೊನೆಗೆ ಮನೆಗೆ ಬಂದು ಅವ್ವನ ಎಲೆಅಡಿಕೆ ಚೀಲದಿಂದ ಒಂದು ಗಟ್ಟಿ ಅಡಿಕೆ ತೆಗೆದು ಕೊಳವೆಯೊಳಗೆ ಬಿಟ್ಟ. ಅದು ನೆಗ್ಗಿನ ಬುಡಕ್ಕೆ ಹೋಗಿ, ಹಬ್ಬಕ್ಕೆ ಬಂದ ಬೀಗರ ಹಾಗೆ ಜಗ್ಗದೆ ಕೂತಿತು. ಹೊರಗೆ ಬರಿಸುವುದರಲ್ಲಿ ಅವನ ಬೆವರಿಳಿಯಿತು. ಹಿತ್ತಾಳೆ ಮಾತ್ರ ಹೇಗಿತ್ತೋ ಹಾಗೆಯೇ ಇತ್ತು.

ಅಲಕಾ ಊಟ ಮುಗಿಸಿ ಕೈ ತೊಳೆದು ಬಂದು ಯುಫೋನಿಯಮ್ಮಿಗೆ ಮತ್ತೆ ಹಳೆಯ ಸೀರೆ ಸುತ್ತತೊಡಗಿದಳು.

“ಇರ್ಲಿ ಬಿಡ್ರಿ ಅವ್ವಾ. ನಿಮ್ಮನಿ ನೇಮ ಮುರದು ನಮ್ಮ ಮೆರವಣಿಗಿ ಆಗೂದು ಬ್ಯಾಡ. ನಾಕರ ಬಸ್ಸಿಗೆ ಹೊಂಡ್ತೀನಿ.”

ಅವಳು ಜಗಳಕ್ಕೆ ನಿಂತಿದ್ದರೆ ಹನುಮವ್ವ ಸಲೀಸಾಗಿ ಗೆಲ್ಲುತ್ತಿದ್ದಳು. ಜಗಳದಲ್ಲಿ ಹನುಮವ್ವನನ್ನು ಸೋಲಿಸಿದವರು ಆ ಓಣಿಯಲ್ಲಿ ಹುಟ್ಟಿರಲಿಲ್ಲ. ಈಕೆ ಜಗಳಕ್ಕೇ ಬರಲಿಲ್ಲ. ಗಂಡ ಹಾಸಿಗೆಯಲ್ಲಿ, ಪಾರ್ಟಿಯ ಜನ ಇವಳ ದಾರಿ ಕಾಯುತ್ತಿದ್ದಾರೆ, ಆದರೂ ಸೀರೆಯ ಗಂಟನ್ನು ಎಷ್ಟು ನೆಟ್ಟಗೆ ಹಾಕುತ್ತಿದ್ದಾಳೆ. ಗಂಡ ಹೋದ ಹೊಸತರಲ್ಲಿ ಹನುಮವ್ವನೂ ಹೀಗೆಯೇ ಮಾತಿಲ್ಲದೆ ಗಂಟುಮೂಟೆ ಕಟ್ಟಿದವಳು.

ಅವಳು ಎದ್ದು ಕಂಬಳಿಯ ಹತ್ತಿರ ಹೋದಳು. ಕಣ್ಣು ಮುಚ್ಚಿ ಕೈ ಮುಗಿದಳು. ಆಮೇಲೆ ಹೂ ಸರಿಸಿ ಒಂದು ಗುಂಡು ಎತ್ತಿದಳು.

“ಅವ್ವಾ,” ಎಂದ ಪರಮೇಶ್ವರ.

“ಎತ್ತಿದಾಕಿ ನಾನು. ಬರೂದು ಏನರ ಇದ್ರ ನನ್ನ ಮ್ಯಾಲ ಬರ್ಲಿ. ನೀ ಬರೇ ನಾ ಕೊಟ್ಟಿದ್ದು ಹಿಡಿ.”

ಸಣ್ಣ ಗುಂಡು ಒಳಗೆ ಹೋಯಿತು. ಪರಮೇಶ್ವರ ವಾದ್ಯವನ್ನು ಕೂಸಿನಂತೆ ತೂಗಿ ತೂಗಿ ಗುಂಡನ್ನು ನೆಗ್ಗಿನ ಕೆಳಗೆ ತಂದು, ಹೊರಗಿನಿಂದ ಕೊಡತಿಯಲ್ಲಿ ಮೆಲ್ಲಗೆ ಬಡಿದ. ಅದು ಸಲೀಸಾಗಿ ಓಡಾಡಿದ ಮೇಲೆ ಅದಕ್ಕಿಂತ ತುಸು ದೊಡ್ಡದು, ಆಮೇಲೆ ಇನ್ನೂ ದೊಡ್ಡದು. ಕೊಡತಿಯನ್ನೂ ಪ್ರತಿ ಗುಂಡನ್ನೂ ಎತ್ತಿಕೊಟ್ಟದ್ದು ಹನುಮವ್ವನೇ. ಒಂದನ್ನು ಅವನು ತಾನೇ ತೆಗೆದುಕೊಳ್ಳಲು ಕೈ ಚಾಚಿದಾಗ ಅವಳು ಆ ಕೈಗೆ ಫಟ್ಟನೆ ಏಟು ಹಾಕಿದಳು. ಕೊನೆಯ ಗುಂಡು ಹೊರಗೆ ಬಂದಾಗ ನೆಗ್ಗು ಇದ್ದ ಜಾಗ ನುಣ್ಣಗಾಗಿತ್ತು. ಅಲಕಾ ಊದಿ ನೋಡಿದಳು. ತುಂಬಿದ ದನಿ, ಓಣಿಯ ನಾಯಿಗಳೆಲ್ಲ ಎದ್ದು ನಿಂತವು.

ಅವಳು ನಾಲ್ಕರ ಬಸ್ಸಿಗೆ ಹೋದಳು. ಇತ್ತ ಪರಮೇಶ್ವರನಿಗೆ ಸೆರೆಮನೆ ಶುರುವಾಯಿತು. ಮಾಳಿಗೆ ಹತ್ತಬೇಡ, ಮೋಟರ್ ಸೈಕಲ್ ಮುಟ್ಟಬೇಡ, ಬಲ್ಬು ಹಾಕಬೇಡ. ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ನಿಂತು, “ಜಾರಿಗೀರಿ ಬಿದ್ದೀ,” ಎಂದು ಎಚ್ಚರಿಸುವಳು. ಬರುವುದು ತನ್ನ ಮೇಲೆ ಬರಲಿ ಎಂದು ಬಾಯಲ್ಲಿ ಹೇಳಿದ್ದಳೇ ಹೊರತು ದೇವರು ಒಪ್ಪಿದ್ದಾನೋ ಇಲ್ಲವೋ ಯಾರಿಗೆ ಗೊತ್ತು?

ದಸರೆಯ ಬೆಳಿಗ್ಗೆ ಮೊಬೈಲಿಗೆ ಅಲಕಾಳ ಕರೆ ಬಂತು. ಎತ್ತಿದರೆ ಮಾತಿಲ್ಲ, ಮೆರವಣಿಗೆಯ ಗದ್ದಲ, ಅದರ ನಡುವೆ ಯುಫೋನಿಯಮ್ಮಿನ ಭೋಂಕಾರ. ಪರಮೇಶ್ವರ ಅದನ್ನು ಅವ್ವನ ಕಿವಿಗೆ ಹಿಡಿದು ನಕ್ಕ.

“ನೋಡವ್ವ, ನಾನೂ ಗಟ್ಟಿ ಇದ್ದೀನಿ, ನೀನೂ ಗಟ್ಟಿ ಇದ್ದಿ. ಏನೂ ಆಗ್ಲಿಲ್ಲ.”

ಹನುಮವ್ವ ನಗಲಿಲ್ಲ. ಏನೂ ಆಗಲಿಲ್ಲ ಎಂಬುದೇ ಅವಳನ್ನು ಕುಟುಕಿತು. ಈ ಸಲ ಏನೂ ಆಗಲಿಲ್ಲವಾದರೆ ಆವತ್ತು ಯಾಕೆ ಆಯಿತು?

“ನಿಮ್ಮಪ್ಪ ಬಿದ್ದಾಗ ಸಾರುವಿ ಹಗ್ಗ ಹರದಿತ್ತು,” ಎಂದಳು. “ಕೊಳತ ಹಗ್ಗ. ಗುತ್ತೇದಾರ ಬಂದು ಎಲ್ಲಾರ ಮುಂದ ಹೇಳಿದ, ಖಂಡೇಪೂಜಿ ದಿನ ಕರಣಿ ಮುಟ್ಟಿದ, ದೇವರು ಬಿಡ್ಲಿಲ್ಲ ಅಂತ. ಕೆಲಸಕ್ಕ ಕರದಾವ ಅವನೇ. ಹಗ್ಗ ಕಟ್ಟಿಸಿದಾವನೂ ಅವನೇ. ಎಲ್ಲಾರೂ ಹೂಂ ಅಂದ್ರು. ಹಗ್ಗದ ಮಾತು ಒಬ್ಬರೂ ಎತ್ತಲಿಲ್ಲ.”

ಪರಮೇಶ್ವರನ ನಗೆ ಅಲ್ಲೇ ನಿಂತಿತು. ಹಗ್ಗದ ಮಾತನ್ನು ಅವನು ಕೇಳಿದ್ದು ಅದೇ ಮೊದಲು.

ಸಂಜೆ ಬನ್ನಿ ತಂದು ಅವಳು ಗಂಡನ ಫೋಟೊದ ಮುಂದೆ ಇಟ್ಟಳು. ಪ್ರತಿ ದಸರೆಗೂ ಬನ್ನಿ ಇಡುತ್ತ, ಯಾಕೆ ಎತ್ತಿದಿರಿ, ಬೇಡ ಅಂದರೂ ಯಾಕೆ ಎತ್ತಿದಿರಿ ಎಂದು ಒಳಗೊಳಗೇ ಅವನನ್ನು ಬೈಯುವುದು ಅವಳ ರೂಢಿ. ಈ ಸಲ ಸೆರಗಿನಿಂದ ಫೋಟೊದ ಗಾಜು ಒರೆಸಿದಳು.

“ನಿಮ್ಮದೇನೂ ತಪ್ಪಿರ್ಲಿಲ್ರಿ,” ಎಂದಳು.