ಭಾಲ್ಕಿಯ ನರ್ಸ್‌ಬಾಯಿಯ ಸಮುದ್ರ

ಶಾಲುಬಾಯಿ ಯಾರ ಮನೆಗೆ ಹೋದರೂ ಕೂಡುವುದಕ್ಕೆ ಮೊದಲು ಆ ಮನೆಯ ನೀರಿನ ಕೊಡವನ್ನು ಮೂಸಿ ನೋಡುತ್ತಿದ್ದರು. ಮದುವೆಯ ಮನೆಯಾಗಲಿ, ಮರಣದ ಮನೆಯಾಗಲಿ, ಮುಚ್ಚಳ ಸರಿಸಿ, ಬಾಗಿ, ದೀರ್ಘವಾಗಿ ಉಸಿರೆಳೆದು, ಹೂಂ ಎಂದೋ ಊಹೂಂ ಎಂದೋ ತೀರ್ಪು ಕೊಟ್ಟ ಮೇಲೆಯೇ ಅವರಲ್ಲಿ ಸುಖದುಃಖದ ಮಾತು ಹೊರಡುತ್ತಿತ್ತು. ಅರ್ಧ ಆಯುಷ್ಯವನ್ನು ಔರಾದ ಸೀಮೆಯಲ್ಲಿ, ಉಳಿದರ್ಧವನ್ನು ಖಟಕ ಚಿಂಚೋಳಿ, ಸಾಯಗಾಂವಗಳ ಸುತ್ತಿನಲ್ಲಿ ಸರಕಾರಿ ದಾದಿಯಾಗಿ ಸವೆಸಿದ ಈ ಹೆಂಗಸಿಗೆ ಮನುಷ್ಯರ ಗುಣಾವಗುಣಗಳಿಗಿಂತ ಅವರು ಕುಡಿಯುವ ನೀರಿನ ಗುಣಾವಗುಣವೇ ಹೆಚ್ಚು ಪರಿಚಿತವಾಗಿತ್ತು. ಭಾಲ್ಕಿಯಲ್ಲಿ ನನ್ನದು ಗಾಜು, ಬೀಗ, ನಳದ ಸಾಮಾನಿನ ಅಂಗಡಿ. ಅಲ್ಲಿನ ಕೊಡವೂ ಆ ಮೂಗಿನಿಂದ ಪಾರಾಗಿರಲಿಲ್ಲ. ನನಗೆ ಸಿಕ್ಕದ್ದು ಊಹೂಂ.

ನಿವೃತ್ತಿಯಾದ ಮೇಲೂ ಅವರು ಸೀರೆಯ ಮೇಲಿನ ಬಿಳಿ ಕೋಟು ಬಿಡಲಿಲ್ಲ. ಬಿಳಿಯದು ಎನ್ನುವುದು ನನ್ನ ಸೌಜನ್ಯ; ಕುದಿಯುವ ನೀರಿನಲ್ಲಿ ಅದ್ದಿ ಅದ್ದಿ ಅದು ಹಳೆಯ ಮಜ್ಜಿಗೆಯ ಬಣ್ಣಕ್ಕೆ ಇಳಿದಿತ್ತು. ನಡೆಯುವಾಗ ತೋಳು ಬೀಸುತ್ತಿರಲಿಲ್ಲ. ಕಣ್ಣಿಗೆ ಕಾಣದ ಯಾವುದೋ ತಟ್ಟೆಯನ್ನು ತುಳುಕದಂತೆ ಎದೆಯ ಮುಂದೆ ಹಿಡಿದವರ ಹಾಗೆ, ಎದುರು ಬಂದ ಎಮ್ಮೆಗೂ ದಾರಿ ಬಿಡದೆ, ಓಣಿಯ ನಟ್ಟನಡುವೆ ಬರುವರು. ಪ್ರತಿ ಮಾತಿನ ಕೊನೆಗೆ "ತಿಳೀತಿಲ್ರಿ?" ಎಂಬ ಒಂದು ಮೊಳೆ ಬಡಿಯುತ್ತಿದ್ದರು. ಅದು ಪ್ರಶ್ನೆಯಲ್ಲ, ಉತ್ತರಕ್ಕಾಗಿ ಅವರು ನಿಲ್ಲುತ್ತಲೂ ಇರಲಿಲ್ಲ. ಅವರ ಗಂಡ ಏಕನಾಥ ಬಸ್ ಡಿಪೋದಲ್ಲಿ ಮಿಸ್ತ್ರಿಯಾಗಿದ್ದವರು, ಸಾಧು ಮನುಷ್ಯ. ಇಂಜಿನ್ನಿನ ಸದ್ದಿನಲ್ಲಿ ಆಯುಷ್ಯ ಕಳೆದದ್ದರಿಂದ ತಮ್ಮ ಸಂಸಾರ ನಿಶ್ಶಬ್ದವಾಗಿ ಸಾಗಿತೆಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು.

ಮೆಹಕರದ ಬೌದ್ಧ ಮನೆತನದ ಈ ಬಾಯಿಗೆ ಸಮುದ್ರದ ನಂಟು ಬಂದದ್ದು ದಾದರಿನಿಂದ. ಪ್ರತಿ ವರ್ಷ ಡಿಸೆಂಬರಿನಲ್ಲಿ ಮಹಾಪರಿನಿರ್ವಾಣದ ದಿನಕ್ಕೆ ಅಲ್ಲಿನ ಕಡಲದಂಡೆಯ ಚೈತ್ಯಭೂಮಿಗೆ ರೈಲು ಹತ್ತುವ ಜನ ಅವರದು. ಉಳಿದವರು ದರ್ಶನ ಮುಗಿಸಿ ಪುಸ್ತಕ, ಕ್ಯಾಲೆಂಡರು ಕೊಳ್ಳುತ್ತಿದ್ದರೆ ಇವರು ನೀರಿನಂಚಿಗೆ ಹೋಗಿ ಕುಕ್ಕರುಗಾಲಿನಲ್ಲಿ ಕೂಡುವರು. ಇಳಿತದಲ್ಲಿ ಹಿಂದೆ ಸರಿದ ಸಮುದ್ರ ಬಂಡೆಯ ಕುಳಿಗಳಲ್ಲಿ ಬಿಟ್ಟುಹೋದ ಒಂದೊಂದು ಬೊಗಸೆ ನೀರು, ಅದರೊಳಗೆ ಬಿಚ್ಚಿ ಮುಚ್ಚುವ, ತೆವಳುವ, ಬಾಯಿ ಬಿಡುವ ಯಾವ ಯಾವುದೋ ಜೀವ. ಹುಟ್ಟಿದ ಕೂಸಿನ ಬಾಯಿ ನೋಡಿದ ಹಾಗೆ ಅದನ್ನು ನೋಡುತ್ತ ಕೂತಿರುತ್ತಿದ್ದರು ಎಂದು ಏಕನಾಥರೇ ನನಗೆ ಹೇಳಿದ್ದು. ಹಾಗೆ ಕೂತು ಒಮ್ಮೆ ಮರಳುವ ರೈಲನ್ನೂ ತಪ್ಪಿಸಿಕೊಂಡಿದ್ದರಂತೆ.

ಮುಂಗಾರು ಹಿಂಗಾರು ಎರಡೂ ಕೈಕೊಟ್ಟು, ಮಾಂಜ್ರಾ ನದಿಯ ಪಾತ್ರದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದ ಚಳಿಗಾಲವದು. ನೆರೆಯ ಲಾತೂರಿಗೆ ರೈಲಿನಲ್ಲಿ ನೀರು ಬಂದ ಬೇಸಿಗೆಯ ಹಿಂದಿನ ಚಳಿಗಾಲ ಎಂದರೆ ನಮ್ಮ ಕಡೆಯವರಿಗೆ ನೆನಪಾದೀತು. ದಾದರಿನಿಂದ ಮರಳಿದ ಶಾಲುಬಾಯಿ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ದಪ್ಪ ಗಾಜು ಕೇಳಿದರು.

"ಮನ್ಯಾಗ ಸಮುದ್ರ ಮಾಡ್ಲತ್ತೀನಿ ಸಾವ್ಕಾರ್ರ. ತಿಳೀತಿಲ್ರಿ?"

"ನದ್ಯಾಗೇ ನೀರಿಲ್ಲ ಬಾಯಾರ, ನೀವು ಸೀದಾ ಸಮುದ್ರಕ್ಕ ಕೈ ಹಾಕೀರಿ," ಎಂದೆ.

"ನದೀದು ಸರಕಾರದ ಜವಾಬ್ದಾರಿ. ಸಮುದ್ರದ್ದು ನಂದು."

ಗಾಜು ಕೊಯ್ಯಿಸಿಕೊಟ್ಟೆ. ಗಿರಾಕಿಯ ಹುಚ್ಚಿಗೆ ಔಷಧ ಹೇಳುವುದು ವ್ಯಾಪಾರಿಯ ಧರ್ಮವಲ್ಲ.

ಬೀದರಿನ ಚೌಬಾರಾದ ಹತ್ತಿರ ಹುಸೇನ ಎಂಬಾತನ ಸಾಕುವ ಬಣ್ಣದ ಮೀನಿನ ಅಂಗಡಿಯಿದೆ. ಹೈದರಾಬಾದಿನಿಂದ ಸಮುದ್ರದ ಉಪ್ಪು, ಸಮುದ್ರದ ಕಲ್ಲು ತರಿಸಿಕೊಡುವವನು ಈ ಸೀಮೆಯಲ್ಲಿ ಅವನೊಬ್ಬನೇ. ಅವನಿಂದ ಶಾಲುಬಾಯಿ ದೀಕ್ಷೆ ಪಡೆದರು. ಟ್ರಂಕಿಗಿಂತ ಸಣ್ಣ ಗಾಜಿನ ತೊಟ್ಟಿ, ತಳಕ್ಕೆ ಮರಳು, ಫಿಲ್ಟರಿನಿಂದ ಹನಿಹನಿಯಾಗಿ ಇಳಿಸಿದ ಶುದ್ಧ ನೀರು, ಅದರಲ್ಲಿ ತೂಗಿ ಕದಡಿದ ಉಪ್ಪು. ಆಮೇಲೆ ತೂತುತೂತಾದ ಜೀವಂತ ಕಲ್ಲು. ಅದನ್ನು ಒಳಗಿಟ್ಟು ವಾರಗಟ್ಟಲೆ ಏನೂ ಮಾಡದೆ ಕಾಯಬೇಕು. ಕಣ್ಣಿಗೆ ಕಾಣದ ಕ್ರಿಮಿಗಳು ಕಲ್ಲಿನ ಸಂದಿಗಳಲ್ಲಿ ಸಂಸಾರ ಹೂಡಿ, ಹೊಲಸನ್ನು ಉಂಡು ಜೀರ್ಣಿಸಿಕೊಳ್ಳುವುದನ್ನು ಕಲಿಯುವವರೆಗೆ ಮೀನು ಬಿಡುವಂತಿಲ್ಲ. ಗಾಜಿಗೆ ಕಂದು ಪಾಚಿ ಹತ್ತಿತು. ಅದನ್ನು ಉಜ್ಜದೆ ಸುಮ್ಮನೆ ಕೂತದ್ದು ಆಕೆಯ ಬದುಕಿನ ಅತ್ಯಂತ ಕಠಿಣ ವ್ರತವಾಗಿದ್ದಿರಬೇಕು. ಸೆರಗಿನಲ್ಲಿ ಕೈ ಕಟ್ಟಿಕೊಂಡು ತೊಟ್ಟಿಯ ಮುಂದೆ ನಿಂತಿದ್ದನ್ನು ನಾನೇ ಕಂಡಿದ್ದೇನೆ.

ಕಡೆಗೆ ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟಿಯ ಮೀನಿನ ಜೋಡಿ ಬಂತು, ಗಾಜಿನಂಥ ಸೀಗಡಿ ಬಂತು, ಬಸವನ ಹುಳುಗಳು ಬಂದವು. ಎಲ್ಲದರ ಹಿಂದೆ, ಕಲ್ಲಿನ ಮೇಲೆ ಅಂಗಿಯ ಗುಂಡಿಗಳನ್ನು ಹೊಲಿದಂತೆ ಕೂತ ಹಸಿರು ಹವಳ. ದೀಪ ಹಚ್ಚಿದರೆ ಗುಂಡಿಗಳೆಲ್ಲ ಸೇವಂತಿಗೆಯ ಹಾಗೆ ಅರಳುತ್ತಿದ್ದವು. ಪಕ್ಕದ ಮನೆಯ ಗೌಹರ ಅದನ್ನು ಬಹಳ ಹೊತ್ತು ನೋಡಿ, ತನ್ನ ಅತ್ತೆಯ ಉಂಗುರದಲ್ಲಿದ್ದ ಹವಳ ಕೆಂಪಗಿತ್ತು, ಇದ್ಯಾವುದೋ ಕಾಯಿ, ಇನ್ನೂ ಹಣ್ಣಾಗಿಲ್ಲ ಎಂದು ಅಭಿಪ್ರಾಯಪಟ್ಟಳು.

ಆದರೆ ಓಣಿಯ ಕಣ್ಣು ಹವಳದ ಮೇಲಲ್ಲ, ನೀರಿನ ಮೇಲೆ ಇತ್ತು. ಆ ಹೊತ್ತಿಗೆ ಬಾವಿ, ಬೋರು ಎಲ್ಲ ಬತ್ತಿ ಓಣಿಯ ತುದಿಯ ಕರಿಯ ಟಾಕಿಯೊಂದೇ ಗತಿಯಾಗಿತ್ತು. ಟ್ಯಾಂಕರು ಬಂದು ಅದನ್ನು ತುಂಬಿಸಿ ಹೋಗುವುದು, ಜನ ಸಾಲು ಹಚ್ಚಿ ಮನೆಗಿಷ್ಟು ಎಂದು ಕೊಡ ತುಂಬಿಕೊಳ್ಳುವುದು. ಮೊದಮೊದಲು ತಲೆಗಳು ಒಡೆದವು. ಆಮೇಲೆ ಹಿರಿಯರೆಲ್ಲ ಕೂಡಿ, ಟಾಕಿಗೆ ಬೀಗ ಹಾಕಿ, ಕೀಲಿಕೈಯನ್ನು ಶಾಲುಬಾಯಿಯ ಕೋಟಿನ ಕಿಸೆಗೆ ಹಾಕಿದರು. ಪೈಪು ಅವರ ಕೈಗೆ ಬಂದ ದಿನದಿಂದ ಜಗಳ ನಿಂತಿತು. ಬಾಣಂತಿಯೆಂದು ಕಣ್ಣೀರಿಟ್ಟವಳಿಗೂ, ಲೀಡರೆಂದು ಮೀಸೆ ತಿರುವಿದವನಿಗೂ ಅದೇ ಅಳತೆ. ಹಾಗಾಗಿ ತೊಟ್ಟಿಯ ಬಗ್ಗೆ ಗುಸುಗುಸು ಎದ್ದಾಗ ಅವರು ಸಾಲಿನ ಮುಂದೆಯೇ ನಿಂತು ಮಾತು ಕೊಟ್ಟರು: "ನಮ್ಮನಿ ಪಾಲು ಬಿಟ್ಟು ಓಣೀದು ಒಂದು ಹನಿ ಅದಕ್ಕ ಬಿತ್ತಂದ್ರ, ಈ ಕೀಲಿಕೈ ನಾ ಇಟ್ಕೊಳ್ಳಂಗಿಲ್ಲ." ತಮ್ಮ ಪಾಲಿನಲ್ಲಿಯೇ ಸಮುದ್ರಕ್ಕೂ ಪಾಲು ತೆಗೆದರು. ಫಿಲ್ಟರು ಹೊರಗೆ ಬಿಟ್ಟ ನೀರಿನಲ್ಲಿ ಪಾತ್ರೆ ತೊಳೆದರು. ಏಕನಾಥರ ಸ್ನಾನ ಒದ್ದೆ ಟವೆಲ್ಲಿಗೆ ಇಳಿಯಿತು. ಕರೆಂಟು ಹೋದ ಮಧ್ಯಾಹ್ನಗಳಲ್ಲಿ ನೀರು ಕಾಯದಿರಲೆಂದು ಏಕನಾಥರೇ ತೊಟ್ಟಿಗೆ ಬೀಸಣಿಗೆಯಿಂದ ಗಾಳಿ ಹಾಕುತ್ತ ಕೂಡುತ್ತಿದ್ದರು. ಮೀನಿನ ಸೇವೆಗೂ ಪೆನ್ಶನ್ ಉಂಟೇನು ಎಂದು ನಾನು ಕೇಳಿದ್ದೆ. ಅರ್ಜಿ ಕೊಟ್ಟಿದ್ದೇನೆ, ಬಾಯಿಯ ಸಹಿ ಬಾಕಿಯಿದೆ ಎಂದರು.

ಅನರ್ಥ ಒಳಹೊಕ್ಕದ್ದು ಅಡುಗೆಮನೆಯ ಅತ್ಯಂತ ಗೌರವದ ಮೂಲೆಯಿಂದ. ಅಲ್ಲಿ ಶಾಲುಬಾಯಿಯ ಅತ್ತೆಯ ಕಾಲದ ತಾಮ್ರದ ಹಂಡೆಯಿತ್ತು. ತಾಮ್ರದಲ್ಲಿ ತಂಗಿಸಿದ ನೀರಿನಲ್ಲಿ ಹುಳ ಬದುಕುವುದಿಲ್ಲ ಎಂಬುದು ಆಕೆ ಹಳ್ಳಿಹಳ್ಳಿಯಲ್ಲಿ ಸಾರಿದ ಸುವಾರ್ತೆ. ವಾಂತಿಭೇದಿಯ ವರ್ಷಗಳಲ್ಲಿ ಆ ಮಾತನ್ನು ಕೇಳಿ ಉಳಿದ ಮಕ್ಕಳು ಇಂದು ಮಕ್ಕಳ ತಂದೆತಾಯಿಗಳಾಗಿದ್ದಾರೆ. ಫಿಲ್ಟರಿನಿಂದ ಇಳಿದ ನೀರನ್ನು ಹಂಡೆಯಲ್ಲಿ ತಂಗಿಸಿ, ದಿನವೂ ಬಿಸಿಲಿಗೆ ಆರಿದಷ್ಟನ್ನು ತೊಟ್ಟಿಗೆ ತುಂಬಿಸುತ್ತಿದ್ದರು. ಮನೆಯವರು ಪ್ಲಾಸ್ಟಿಕ್ಕಿನ ಕೊಡದ ನೀರು ಕುಡಿದರು. ಶ್ರೇಷ್ಠವಾದದ್ದು ಸಮುದ್ರಕ್ಕೆ ಹೋಯಿತು.

ಮೊದಲು ಬಸವನ ಹುಳುಗಳು ಗಾಜು ಬಿಟ್ಟು ಉದುರಿದವು. ಸೀಗಡಿ ಮಗ್ಗುಲಾಯಿತು. ಹಸಿರು ಗುಂಡಿಗಳು ಒಂದೊಂದಾಗಿ ಬಿಚ್ಚುವುದನ್ನು ನಿಲ್ಲಿಸಿದವು. ಮೀನುಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಅಡ್ಡಾಡುತ್ತಿದ್ದವು. ಶಾಲುಬಾಯಿ ರೋಗಿಯ ಕೇಸು ಒಪ್ಪಿಸುವವರಂತೆ ಹುಸೇನನಿಗೆ ಫೋನಿನಲ್ಲಿ ಎಲ್ಲವನ್ನೂ ವಿವರಿಸಿದರು. ನಾನಾಗ ನಳದ ವಾಶರು ಕೊಡಲು ಹೋಗಿ ಅವರ ಪಡಸಾಲೆಯಲ್ಲಿ ಕೂತಿದ್ದೆ. ಫೋನು ಸ್ಪೀಕರಿನ ಮೇಲಿತ್ತು. ಅವನು ಬಹಳ ಕೇಳಿದ, ಉಪ್ಪು ಕೇಳಿದ, ಶಾಖ ಕೇಳಿದ. ಕಟ್ಟಕಡೆಗೆ ಪಾತ್ರೆ ಯಾವುದೆಂದು ಕೇಳಿದ.

"ತಾಂಬದ್ದು," ಎಂದರು ಇವರು, ಹೆಮ್ಮೆಯಿಂದಲೇ.

ಹುಸೇನ ಮೆಲ್ಲಗೆ, "ತಾಂಬದಾಗ ಹುಳ ಬದುಕಂಗಿಲ್ಲಂತ ನೀವೇ ಅಂತೀರಿ, ಆಪಾ. ಸಮುದ್ರ ಅಂದ್ರ ಪೂರಾ ಹುಳದ್ದೇ ಸಂಸಾರ," ಎಂದ.

ಶಾಲುಬಾಯಿ ಫೋನು ಇಟ್ಟು ಹಂಡೆಯ ಕಡೆ ನೋಡಿದರು. ಜನ್ಮವಿಡೀ ಯಾವ ಅಸ್ತ್ರದಿಂದ ಜೀವ ಉಳಿಸಿದ್ದರೋ ಅದೇ ಇಲ್ಲಿ ಜೀವ ತೆಗೆದಿತ್ತು. ಮುಖದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡರು, ಅಷ್ಟೆ.

ಉಪಾಯ ಸರಳವಿತ್ತು: ತೊಟ್ಟಿಯ ನೀರೆಲ್ಲ ಚೆಲ್ಲಿ, ತಾಮ್ರ ಸೋಕದ ಹೊಸ ನೀರು ತುಂಬುವುದು. ಒಂದೇ ಒಂದು ಕಲ್ಲಿನ ಹವಳ ಇನ್ನೂ ಅರ್ಧ ಕಣ್ಣು ಬಿಡುತ್ತಿತ್ತು. ತಡಮಾಡಿದರೆ ಅದೂ ಇಲ್ಲ. ಆದರೆ ಟ್ಯಾಂಕರು ಆ ವಾರ ಬಂದಿರಲಿಲ್ಲ. ಮನೆಯ ಪಾಲು ತಳ ಕಂಡಿತ್ತು. ಇನ್ನು ನೀರಿದ್ದದ್ದು ಕರಿಯ ಟಾಕಿಯಲ್ಲಿ, ಅದರ ಕೀಲಿಕೈ ಆಕೆಯ ಕಿಸೆಯಲ್ಲಿ.

ಏಕನಾಥರು ಅಪರೂಪಕ್ಕೆ ಬಾಯಿ ಬಿಟ್ಟು, ಮುಂದಿನ ಪಾಲಿನಲ್ಲಿ ಮುರಿದುಕೊಂಡರಾಯಿತು, ಯಾರು ಕೇಳುತ್ತಾರೆ ಎಂದರು. ನಾನೂ ಅದನ್ನೇ ಹೇಳಿದೆ. ಅಳತೆಯ ಗಜ ಹಿಡಿದವನ ಬೆರಳು ಅರ್ಧ ಅಂಗುಲ ಅತ್ತಿತ್ತ ಸರಿಯುವುದನ್ನು ಪೇಟೆಯಲ್ಲಿ ನಾವು ಮುರವತ್ತು, ದಾಕ್ಷಿಣ್ಯ ಎಂದೇ ಕರೆಯುತ್ತೇವೆ. ಅಷ್ಟರಲ್ಲಿ ಗೌಹರ ಬಂದಳು, ಸೊಂಟದ ಮೇಲೆ ತುಂಬಿದ ಕೊಡ. ಗೋಡೆಯಾಚೆಗೆ ಎಲ್ಲ ಕೇಳಿಸಿಕೊಂಡಿದ್ದಳು.

"ಇದು ನಮ್ಮನಿ ಪಾಲಿಂದ್ರಿ ಆಪಾ. ಓಣೀದಲ್ಲ. ತಗೋರಿ."

"ನೀ ಇವತ್ತು ಕೊಡ್ತಿ. ನಾಳಿ ನೀ ಸಾಲಿನ್ಯಾಗ ನಿಂತಾಗ ನನ್ನ ಕೈ ನಡಗ್ತದ."

"ನಾ ಏನರ ಕೇಳಲತ್ತೀನೇನ್ರಿ ನಿಮಗ?"

"ನೀ ಕೇಳಂಗಿಲ್ಲ. ಪೈಪೇ ಕೇಳ್ತದ."

ಗೌಹರ ಮುನಿದು ಹೋದಳು, ಕೊಡ ತೆಗೆದುಕೊಂಡೇ. ಹೊಸ್ತಿಲಲ್ಲಿ ತಿರುಗಿ, ಆಪಾನ ಮೈಯಲ್ಲಿರುವುದೂ ತಾಮ್ರವೇ ಎಂದು ಒಂದು ಮಾತು ಎಸೆದು ಹೋದಳು. ಶಾಲುಬಾಯಿ ಫೋನು ತೆಗೆದುಕೊಂಡು, ಉಳಿದದ್ದನ್ನು ನಿನ್ನ ಅಂಗಡಿಯ ತೊಟ್ಟಿಯಲ್ಲಿ ಇಟ್ಟುಕೊಳ್ಳುವೆಯಾ ಎಂದು ಹುಸೇನನನ್ನು ಕೇಳಿದರು.

ಮರುದಿನ ಮುಂಜಾನೆ ಬೀದರಿನ ಬಸ್ಸಿನಲ್ಲಿ, ಖರೀದಿಗೆ ಹೊರಟ ನಾನು ಅವರ ಹಿಂದಿನ ಸೀಟಿನಲ್ಲಿದ್ದೆ. ಆ ದಿನಗಳ ಬಸ್ಸೆಂದರೆ ಅರ್ಧ ಜನ, ಅರ್ಧ ಗಂಟುಮೂಟೆ. ಮನೆಗೆ ಬೀಗ ಜಡಿದು, ಹಾಸಿಗೆ ಸುರುಳಿ, ತವೆ, ಕೋಳಿ ಸಮೇತ ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಹೊರಟ ಸಂಸಾರಗಳು. ಅವುಗಳ ನಡುವೆ ಶಾಲುಬಾಯಿ ಪ್ಲಾಸ್ಟಿಕ್ಕಿನ ಹಾಲಿನ ಕ್ಯಾನನ್ನು ತೊಡೆಯ ಮೇಲೆ ಎರಡೂ ಕೈಯಿಂದ ತಬ್ಬಿಕೊಂಡು, ಬೆನ್ನು ಆನಿಸದೆ ಕೂತಿದ್ದರು. ಒಳಗೆ ಮೀನಿನ ಜೋಡಿ, ಆ ಕಲ್ಲು, ವಿಷವಾದರೂ ಅವುಗಳಿಗೆ ಗುರುತಿದ್ದ ನೀರು. ಕಂಡಕ್ಟರು ಇಣುಕಿ ನೋಡಿ, ಜೀವಂತ ಸಾಮಾನಿಗೆ ಲಗೇಜು ಹಿಡಿಯಬೇಕು ಅಂದ.

"ಆರು ವರ್ಷದೊಳಗಿನವ್ರಿಗಿ ಟಿಕೇಟಿಲ್ಲ. ತಿಳೀತಿಲ್ರಿ?"

ಕೋಳಿ ಹಿಡಿದ ಹೆಣ್ಣುಮಗಳೊಬ್ಬಳು ನಕ್ಕಳು. ಕಂಡಕ್ಟರು ಮುಂದೆ ಹೋದ.

ಮನೆಯಲ್ಲಿ ಉಳಿದದ್ದು ಒಂದು ತೊಟ್ಟಿಯಷ್ಟು ಸಮುದ್ರ. ಊರೆಲ್ಲ ಹನಿಗೆ ಬಾಯಿ ಬಿಡುತ್ತಿರುವಾಗ ಮನುಷ್ಯ ಕುಡಿಯಲಾರದ, ದನಕ್ಕೆ ಇಡಲಾಗದ, ಬೇವಿನ ಬುಡಕ್ಕೆ ಹೊಯ್ದರೆ ಬೇವೂ ಒಣಗುವ ನೀರು. ಚೆಲ್ಲುವುದು ಅವರ ಜಾಯಮಾನದಲ್ಲಿರಲಿಲ್ಲ. ಬಕೆಟ್ಟಿನಲ್ಲಿ ತುಂಬಿಟ್ಟು, ಟ್ಯಾಂಕರು ಬರುವವರೆಗೆ ತಮ್ಮ ಮತ್ತು ಪಕ್ಕದ ಮನೆಯ ಸಂಡಾಸಿಗೆ ಅದನ್ನೇ ಹಾಕಿಸಿದರು; ಹಕ್ಕಿನ ನೀರನ್ನು ಕೊಡಲು ಬಂದು ಬೇಡವೆನಿಸಿಕೊಂಡಿದ್ದ ಗೌಹರ ಈ ನೀರನ್ನು ತೆಗೆದುಕೊಂಡಳು. ಹಿಂದೂ ಮಹಾಸಾಗರಕ್ಕೆ ಇಷ್ಟು ನಿಷ್ಠೆಯ ದುಡಿಮೆ ಬೇರೆಲ್ಲೂ ಒದಗಿರಲಾರದು.

ಮೃಗಶಿರಾ ಮಳೆ ಚೆನ್ನಾಗಿಯೇ ಆಯಿತು. ದುಡಿಯಲು ಹೋಗಿದ್ದ ಓಣಿಯವರು ಒಬ್ಬೊಬ್ಬರೇ ಮರಳಿದರು, ಕೆಲವರು ಮರಳಲಿಲ್ಲ. ಹುಸೇನನ ತೊಟ್ಟಿಯಲ್ಲಿ ಆ ಹಸಿರು ಗುಂಡಿಗಳು ಚೇತರಿಸಿಕೊಂಡು, ತಮ್ಮ ಕಲ್ಲನ್ನು ಮೀರಿ ಪಕ್ಕದ ಬಂಡೆಗೂ ಹಬ್ಬಿದ್ದವು. ಒಮ್ಮೆ ನನ್ನೆದುರಿಗೇ ಅವನು, ಇನ್ನು ಒಯ್ಯಿರಿ, ನೀರಿಗೇನೂ ಕೊರತೆಯಿಲ್ಲ, ಒಂದು ಪ್ಲಾಸ್ಟಿಕ್ಕಿನ ಕೊಡ ಕೊಂಡರೆ ಸಾಕು ಎಂದು ಒತ್ತಾಯಿಸಿದ. ಶಾಲುಬಾಯಿ ಗಾಜಿಗೆ ಮೂಗು ಹತ್ತಿಸುವಷ್ಟು ಬಾಗಿ ನೋಡಿದರು. ಒಯ್ಯಬೇಕೆಂದರೆ ಹಬ್ಬಿದ್ದನ್ನು ಬಂಡೆಯಿಂದ ಕೆತ್ತಿ ಎಬ್ಬಿಸಬೇಕಿತ್ತು.

"ಹಿಡಕೊಂಡು ಕುಂತದ, ಇರ್ಲಿ," ಎಂದರು. "ಮತ್ತ ಯಾಕ ಎಬ್ಬಸೂದು?"

ಈಗಲೂ ಬೀದರಿಗೆ ಹೋದಾಗ ಅವರು ಆ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಾರೆ, ಗಾಜಿನ ಮೇಲಿನ ಪಾಚಿಗೆ ಹುಸೇನನನ್ನು ಬೈದು ಹೊರಡುತ್ತಾರೆ.

ಇಂಥವರು ಊರಿಗೆ ಒಬ್ಬಿಬ್ಬರು ಇರುತ್ತಾರೆ. ಸುಕಾಲದಲ್ಲಿ ಅವರು ನಮ್ಮ ನಗೆಗೆ ವಸ್ತು, ಏಕೆಂದರೆ ತುಂಬಿದ ಬಾವಿಗೆ ಕಾವಲು ಬೇಕಿಲ್ಲ. ಬರ ಬಿದ್ದಾಗ ಅದೇ ಊರು ಬೀಗವನ್ನು ಅವರ ಕೈಗೆ ಕೊಟ್ಟು ನಿಶ್ಚಿಂತೆಯಿಂದ ಮಲಗುತ್ತದೆ, ಎದ್ದು ಅವರ ಮೊಂಡುತನವನ್ನು ಬೈಯುತ್ತದೆ. ಎಲ್ಲರ ಪಾಲನ್ನು ಅಳೆದು ಕೊಡುವ ಈ ಜನಕ್ಕೆ ತಮ್ಮದೆಂಬ ಒಂದು ಆಸೆಯೂ ಇರಬಹುದೆಂದು ನಮಗೆ ಹೊಳೆಯುವುದು, ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದ ಮೇಲೆ.