ವೆಂಡೆಲಿನ್‌ನ ಅಳತೆ

ಹಿಂಟರ್‌ವಾಂಗಿನ ಕೆರೆ ಹೆಪ್ಪುಗಟ್ಟಿತೆಂದರೆ ಊರಿನಲ್ಲಿ ಒಬ್ಬರೂ ಮನೆಯೊಳಗೆ ಕೂರುವುದಿಲ್ಲ. ಮಕ್ಕಳು ಜಾರುಬಂಡಿ ಎಳೆದುಕೊಂಡು ಗುಡ್ಡ ಹತ್ತುತ್ತಾರೆ. ಹೊರಗಿನಿಂದ ಬಂದವರು ಕಂಬಳಿ ಹೊದ್ದು ಕುದುರೆಬಂಡಿಯಲ್ಲಿ ಕೆರೆಯ ಮೇಲೇ ಒಂದು ಸುತ್ತು ಹಾಕುತ್ತಾರೆ. ಊರಿನ ದೊಡ್ಡವರು ಮಾತ್ರ ಸ್ಟಾಕ್ ಹಿಡಿದು ಮಂಜುಗಡ್ಡೆಯ ಮೇಲೆ ಇಳಿಯುತ್ತಾರೆ. ಹಿಡಿಕೆಯಿರುವ ಆ ಭಾರದ ದುಂಡು ದಿಮ್ಮಿಯನ್ನು ಜಾರಿಸಿ, ಅತ್ತ ತುದಿಯಲ್ಲಿರುವ ದೌಬೆ ಎಂಬ ಮುಷ್ಟಿಗಾತ್ರದ ಮರದ ತುಂಡಿನ ಹತ್ತಿರ ನಿಲ್ಲಿಸಬೇಕು. ಯಾರದು ಹತ್ತಿರವೋ ಅವರು ಗೆದ್ದರು. ಆಟ ಇಷ್ಟೇ. ಇಷ್ಟಕ್ಕೇ ಈ ಊರಿನಲ್ಲಿ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟದ್ದುಂಟು.

ಪ್ರತಿ ವರ್ಷ ಜನವರಿಯ ಮೊದಲ ವಾರದ ಮೂವರು ರಾಜರ ಹಬ್ಬ ಮುಗಿದ ಮೇಲಿನ ಭಾನುವಾರ ಮೇಲ್ಕೇರಿಗೂ ಕೆಳಕೇರಿಗೂ ಪಂದ್ಯ. ಸೋತ ಕೇರಿಯವರು ಆ ಚಳಿಗಾಲವಿಡೀ ಕೆರೆಯ ಮೇಲೆ ಬಿದ್ದ ಹಿಮವನ್ನು ಗುಡಿಸಬೇಕು. ಹತ್ತಿರ ದೂರದ ತಕರಾರು ಬಂದರೆ, ಎರಡು ಕಡೆಯ ಯಜಮಾನರಲ್ಲಿ ಹಿರಿಯರು ಯಾರೋ ಅವರೇ ಅಳತೆಗೋಲು ಹಿಡಿದು ಮಂಡಿಯೂರುತ್ತಾರೆ. ಅವರು ಹೇಳಿದ್ದೇ ಕೊನೆ. ಬೇರೆ ಯಾರೂ ಬಗ್ಗಿ ನೋಡಬಾರದು. ಬಗ್ಗಿ ನೋಡಿದರೆ ಹಿರಿಯರ ಮುಖಕ್ಕೆ ಉಗುಳಿದ ಹಾಗೆ.

ಹನ್ನೊಂದು ವರ್ಷದಿಂದ ಆ ಹಿರಿಯ ಕೆಳಕೇರಿಯ ವೆಂಡೆಲಿನ್. ಎಪ್ಪತ್ತೊಂದರ ಬಡಗಿ. ಹಲಗೆಯ ಅಂಚು ಕೂದಲೆಳೆಯಷ್ಟು ಡೊಂಕಿದ್ದರೂ ಬಾಗಿಲಲ್ಲಿ ನಿಂತೇ ಹೇಳುತ್ತಿದ್ದವನು. ಊರು ಅವನ ಕಣ್ಣನ್ನು ಹೊಗಳಿ ಹೊಗಳಿ ಅವನಿಗೂ ಅದು ಅಭ್ಯಾಸವಾಗಿಬಿಟ್ಟಿತ್ತು. ಆದರೆ ಎರಡು ವರ್ಷದಿಂದ ನೇರಕ್ಕೆ ನೋಡಿದ್ದೆಲ್ಲ ಕಾವಳದಲ್ಲಿ ಮುಳುಗಿದಂತೆ ಕಾಣುತ್ತಿತ್ತು. ಹಿಮದ ಬೆಳಕು ಕಣ್ಣು ಕುಕ್ಕುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಬೇಸಿಗೆ ಬಂದಾಗ ಬಿಸಿಲಿನ ಮೇಲೆ ಹಾಕಿದ. ಹೆಂಡತಿ ಆಫ್ರಾಗೂ ಬಾಯಿಬಿಡಲಿಲ್ಲ. ಬಿಟ್ಟರೆ ಅಳತೆಗೋಲು ಕೈತಪ್ಪುತ್ತದೆ, ಅದು ತಪ್ಪಿದರೆ ತಾನು ಬೆಂಚಿನ ಮೇಲೆ ಕೂತು ಕೆಮ್ಮುವ ಮುದುಕರಲ್ಲಿ ಇನ್ನೊಬ್ಬ, ಅಷ್ಟೇ. ಆ ಯೋಚನೆ ಬಂದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಈ ಸಲದ ಪಂದ್ಯ ಕೊನೆಯ ಎಸೆತದವರೆಗೂ ಸಮಸಮವಾಗಿ ಬಂತು. ಕೊನೆಯವನು ಮೇಲ್ಕೇರಿಯ ಹೌಕೆ. ಉತ್ತರದ ಕಡಲತೀರದಿಂದ ಶಾಲೆಗೆ ಮೇಷ್ಟ್ರಾಗಿ ಬಂದು ಐದು ತಿಂಗಳಾಗಿದ್ದವನು. ಮೇಲ್ಕೇರಿಯ ಯಜಮಾನಿ, ಬೇಕರಿಯ ಬುರ್ಗಿ, ತನ್ನ ತಮ್ಮನ ಸೊಂಟ ಕೈಕೊಟ್ಟಿತೆಂದು ಇವನನ್ನು ಹಿಡಿದು ತಂಡಕ್ಕೆ ಸೇರಿಸಿದ್ದಳು. ಹೌಕೆ ಎಸೆದ ಸ್ಟಾಕ್ ಸರ್ರನೆ ಹೋಗಿ ಟಕ್ ಎಂದು ದೌಬೆಗೆ ಬಡಿಯಿತು. ಬಡಿದದ್ದು ವೆಂಡೆಲಿನ್‌ಗೆ ಕೇಳಿಸಿತು. ದೌಬೆ ಎತ್ತ ಹಾರಿತು ಎನ್ನುವುದು ಕಾಣಲಿಲ್ಲ. ಕೋಲು ಹಿಡಿದು ನಡೆದ. ಮಂಡಿಯೂರಿದ. ಎರಡು ಕೇರಿಯ ಎರಡು ಸ್ಟಾಕುಗಳ ನಡುವೆ ಕಪ್ಪಗೆ ಏನೋ ಕಂಡಿತು. ಅತ್ತ ಒಮ್ಮೆ ಅಳೆದ, ಇತ್ತ ಒಮ್ಮೆ ಅಳೆದ, ಎದ್ದು ನಿಂತು ಟೋಪಿ ಸರಿಮಾಡಿಕೊಂಡು ಕೆಳಕೇರಿ ಗೆದ್ದಿತು ಎಂದ.

ಚಪ್ಪಾಳೆ ಬೀಳಲು ಯಾಕೋ ಸ್ವಲ್ಪ ಹೊತ್ತಾಯಿತು. ಅಷ್ಟರಲ್ಲಿ ಹೌಕೆ, "ಯಜಮಾನ್ರೇ, ಇನ್ನೊಂದ್ಸಲ ನೋಡ್ತೀರಾ?" ಎಂದ. ಬುರ್ಗಿ ಅವನ ಕಾಲು ತುಳಿದಳು.

"ಕಡಲಲ್ಲಿ ಮೀನು ಎಣಿಸ್ಕೊಂಡಿದ್ದವನು ನಂಗೆ ಅಳತೆ ಹೇಳ್ಕೊಡ್ತೀಯಾ?" ಎಂದ ವೆಂಡೆಲಿನ್, ಇಡೀ ಕೆರೆಗೆ ಕೇಳುವ ಹಾಗೆ. "ಮೊದ್ಲು ನೆಟ್ಟಗೆ ನಿಲ್ಲೋದು ಕಲಿ. ಆಮೇಲೆ ನನ್ನ ಕಣ್ಣಿನ ವಿಷ್ಯ ಮಾತಾಡೋವಂತೆ."

ಕೆಳಕೇರಿಯವರು ನಕ್ಕರು. ಜೋರಾಗಿಯೇ ನಕ್ಕರು. ಸ್ವಲ್ಪ ಹೊತ್ತಿಗೆ ಚೆಸ್ಟ್‌ನಟ್ ಹುರಿಯುವ ಒಲೆಯ ಹಿಂದಿನಿಂದ ಹೌಕೆ ಬಂದ. ಟೋಪಿ ತೆಗೆದು ಎದುರಿಗೆ ನಿಂತು, ತಪ್ಪು ತನ್ನದೇ, ಮನ್ನಿಸಬೇಕು ಎಂದ. ವೆಂಡೆಲಿನ್ ದೊಡ್ಡ ಮನಸ್ಸು ಮಾಡಿ ಅವನ ಬೆನ್ನು ತಟ್ಟಿದ. ಆ ಬೆನ್ನು ತಟ್ಟಿದ್ದನ್ನು ಸಂಜೆ ಹೋಟೆಲಿನಲ್ಲಿ ತಾನೇ ಎರಡು ಸಲ ವರ್ಣಿಸಿದ.

ದೊಡ್ಡ ಮನಸ್ಸು ಎರಡು ದಿನವೂ ಉಳಿಯಲಿಲ್ಲ. ಮಂಗಳವಾರ ಬೆಳಿಗ್ಗೆ ಹೌಕೆ ಶಾಲೆಗೆ ಮುಂಚೆ ಕೆರೆ ಗುಡಿಸುತ್ತಿದ್ದಾಗ ಇವನು ದಡದಲ್ಲಿ ನಿಂತು, ಮೂಲೆಮೂಲೆಯೂ ಶುಭ್ರವಾಗಿರಬೇಕು ಮೇಷ್ಟ್ರೇ ಎಂದು ಕೂಗಿದ. ಹೌಕೆ ಬೆವರು ಒರೆಸಿಕೊಂಡು ಆಗಲಿ ಎಂದ. ಅಷ್ಟು ಮೆತ್ತಗೆ ಹೇಳಿದ್ದು ವೆಂಡೆಲಿನ್‌ಗೆ ಸಾಲಲಿಲ್ಲ. ಶುಕ್ರವಾರ ಆಟದ ಸಂಘದ ಸಭೆಯಲ್ಲಿ ಒಂದು ಮಾತು ಎತ್ತಬೇಕೆಂದು ಅಂದೇ ನಿರ್ಧರಿಸಿದ. ಹಿರಿಯರ ಅಳತೆಯನ್ನು ಅನುಮಾನಿಸಿದವನು ಈ ಚಳಿಗಾಲ ಮಂಜುಗಡ್ಡೆಗೆ ಕಾಲಿಡಬಾರದು. ಅವನ ಮಾತನ್ನು ಸಂಘ ಎಂದೂ ತೆಗೆದುಹಾಕಿರಲಿಲ್ಲ.

ಬುಧವಾರ ಬಂದರೆ ವೆಂಡೆಲಿನ್ ಮತ್ತು ಆಫ್ರಾ ಜಾರುಬಂಡಿ ಎಳೆದುಕೊಂಡು ಬೆಟ್ಟದ ಮೇಲಿನ ಗುಡಿಸಲಿನಂಥ ಹೋಟೆಲಿಗೆ ಹತ್ತುತ್ತಾರೆ. ಮದುವೆಯಾದಾಗಿನಿಂದ ಇದು ತಪ್ಪಿಲ್ಲ. ಒಂದೂವರೆ ಗಂಟೆ ಹತ್ತುವುದು, ಬಿಸಿಲಿಗೆ ಬೆನ್ನು ಕೊಟ್ಟು ಬಟಾಣಿ ಸಾರು ಕುಡಿಯುವುದು, ಹತ್ತೇ ನಿಮಿಷದಲ್ಲಿ ಜಾರಿ ಕೆಳಗಿಳಿಯುವುದು. ಈ ಬುಧವಾರ ಸಾರು ಬರುವ ಮೊದಲೇ ವೆಂಡೆಲಿನ್ ಶುಕ್ರವಾರದ ಮಾತು ತೆಗೆದ. ಸಭೆಯಲ್ಲಿ ಹೇಗೆ ಎದ್ದು ನಿಲ್ಲುತ್ತೇನೆ, ಏನು ಹೇಳುತ್ತೇನೆ, ಎಲ್ಲ ಒಪ್ಪಿಸಿದ. ಆಫ್ರಾ ಬ್ರೆಡ್ಡು ಮುರಿಯುತ್ತಿದ್ದವಳು ನಿಲ್ಲಿಸಿದಳು.

"ಆ ಮಾತು ಎತ್ಬೇಡ, ವೆಂಡ್ಲ್."

"ಯಾಕೆ ಎತ್ಬಾರ್ದು?"

"ಯಾಕಂದ್ರೆ ನೀನು ಅವತ್ತು ಅಳೆದದ್ದು ಕುದುರೆ ಲದ್ದಿ."

ಅವನಿಗೆ ಅರ್ಥವಾಗಲಿಲ್ಲ. ಆಫ್ರಾ ಬಿಡಿಸಿ ಹೇಳಿದಳು. ದೌಬೆ ಎರಡಡಿ ಆಚೆ ಹಾರಿ, ಹಿಂದೆಯೇ ಜಾರಿ ಬಂದ ಹೌಕೆಯ ಸ್ಟಾಕಿಗೆ ಅಂಟಿಕೊಂಡೇ ಕೂತಿತ್ತು. ಕುದುರೆಬಂಡಿ ಹೋದ ದಾರಿಯಲ್ಲಿ ಬಿದ್ದು ಕಲ್ಲಾಗಿದ್ದ ಒಂದು ಉಂಡೆಯ ಮುಂದೆ ಇವನು ಮಂಡಿಯೂರಿ, ಅತ್ತಲಿಂದ ಇತ್ತಲಿಂದ ಅಳೆದು, ಗೆದ್ದೆವು ಎಂದಿದ್ದ. ಹೇಳುವಾಗ ಅವಳು ಗಂಡನ ಮುಖ ನೋಡಲಿಲ್ಲ, ಬ್ರೆಡ್ಡನ್ನೇ ನೋಡುತ್ತಿದ್ದಳು.

ಮೊದಲು ಸಿಟ್ಟು ಬಂತು. ಸುಳ್ಳು ಎಂದ. ಅವಳು ವಾದಿಸಲಿಲ್ಲ. ವಾದಿಸದೆ ಇದ್ದದ್ದರಿಂದಲೇ ಅವನಿಗೆ ನಿಜವೆಂದು ಗೊತ್ತಾಯಿತು. ಕಿವಿಯ ತುದಿಯವರೆಗೂ ಬಿಸಿಯೇರಿತು.

"ಯಾರ್‍ಯಾರು ನೋಡಿದ್ರು?"

"ಎಲ್ರೂ ನೋಡಿದ್ರು."

"ಮತ್ತೆ ಆ ಹುಡುಗ... ಹೌಕೆ. ತಪ್ಪಾಯ್ತು ಅಂತ ಅವನು ಯಾಕಂದ?"

"ನಾನು ಕೇಳ್ಕೊಂಡೆ. ಒಲೆ ಹಿಂದೆ ಕರ್ಕೊಂಡೋಗಿ ತೋಳು ಹಿಡ್ಕೊಂಡು ಕೇಳ್ಕೊಂಡೆ. ನಮ್ಮನೆಯವ್ರಿಗೆ ಕಣ್ಣು ಕಾಣ್ಸಲ್ಲ, ಅವ್ರಿಗೆ ಅದು ಹೇಳೋಕಾಗ್ತಿಲ್ಲ ಅಂದೆ. ಅವನು ಬೇರೆ ಏನೂ ಕೇಳ್ಲಿಲ್ಲ. ಟೋಪಿ ತೆಗೀಬೇಕಾ ಅಂತ ಕೇಳಿದ. ತೆಗೀಬೇಕು ಅಂದೆ."

ಸಾರು ಬಂತು. ಇಬ್ಬರೂ ಮುಟ್ಟಲಿಲ್ಲ. ವೆಂಡೆಲಿನ್‌ಗೆ ಲದ್ದಿಗಿಂತ ಆ ಟೋಪಿ ಹೆಚ್ಚು ಚುಚ್ಚುತ್ತಿತ್ತು. ಎಲ್ಲ ಗೊತ್ತಿದ್ದೂ ಅವನು ಎದುರಿಗೆ ಬಂದು ತಲೆ ಬಗ್ಗಿಸಿ ನಿಂತಿದ್ದ, ತಾನು ಅವನ ಬೆನ್ನು ತಟ್ಟಿದ್ದ. ಅದನ್ನು ಹೋಟೆಲಿನಲ್ಲಿ ವರ್ಣಿಸುವಾಗ ಕೇಳುತ್ತಿದ್ದವರೆಲ್ಲ ಬಿಯರ್ ಲೋಟದೊಳಗೆ ಮುಖ ಇಟ್ಟುಕೊಂಡದ್ದು ಈಗ ನೆನಪಾಯಿತು. ಎಲ್ಲಾದರೂ ಹೋಗಿ ಅಡಗಿಕೊಳ್ಳೋಣ ಎನಿಸಿತು. ಆದರೆ ಈ ಊರಿನಲ್ಲಿ ಎಲ್ಲಿ ಅಡಗಿದರೂ ಗುರುತು ಸಿಗುವವನು ಅವನು, ಬೇರೆಯವರ ಗುರುತು ಹಿಡಿಯಲಾಗದವನೂ ಅವನೇ.

ಇಳಿಯುವಾಗ ಆಫ್ರಾ ಜಾರುಬಂಡಿಯ ಮುಂದೆ ಕೂತಳು. ಹೋದ ವರ್ಷದಿಂದ ಅವಳೇ ಮುಂದೆ. ನಿನ್ನ ಮಂಡಿಗೆ ಆಯಾಸ ಬೇಡ ಎಂದು ಶುರು ಮಾಡಿದ್ದಳು. ಮಂಡಿ ನೋಯುತ್ತದೆ ಎಂದು ತಾನು ಯಾವತ್ತೂ ಹೇಳಿರಲಿಲ್ಲವೆಂಬುದು ವೆಂಡೆಲಿನ್‌ಗೆ ಮೊದಲ ತಿರುವಿನಲ್ಲಿ ಹೊಳೆಯಿತು. ನೋವಿಲ್ಲದ ಮಂಡಿಯನ್ನು ಅವನೂ ಒಂದು ವರ್ಷ ಊರ ಮುಂದೆ ತಿಕ್ಕಿಕೊಂಡು ತಿರುಗಿದ್ದ. ಹಿಂದೆ ಕೂತು ಅವಳ ಸೊಂಟ ಹಿಡಿದುಕೊಂಡ.

ಶುಕ್ರವಾರ ನೆಗಡಿ ಎಂದು ಹೇಳಿ ಸಭೆಗೆ ಹೋಗಲಿಲ್ಲ. ರಾತ್ರಿಯೆಲ್ಲ ಹಿಮ ಸುರಿಯಿತು. ಶನಿವಾರ ಬೆಳಕು ಹರಿದ ಮೇಲೆ ಕೊಟ್ಟಿಗೆಯಿಂದ ಹಿಮದ ಸಲಿಕೆ ತೆಗೆದುಕೊಂಡು ಕೆರೆಯ ಕಡೆ ಹೊರಟ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಲ್ಲೇ ಹೇಳಿಕೊಂಡ. ತಮಾಷೆಯಾಗಿ ಹೇಳಿಬಿಡಬೇಕು. ಎಲ್ಲರೂ ಬಿದ್ದುಬಿದ್ದು ನಗಲಿ. ನಕ್ಕರೆ ಅರ್ಧ ಭಾರ ಇಳಿಯುತ್ತದೆ.

ಮೇಲ್ಕೇರಿಯ ಏಳೆಂಟು ಜನ ಗುಡಿಸುತ್ತಿದ್ದರು. ಸ್ಟಾಕು ಹಿಡಿದು ಬಂದಿದ್ದ ಕೆಳಕೇರಿಯವರು ನಾಲ್ವರು ದಡದಲ್ಲಿ ನಿಂತಿದ್ದರು. ಯಾರು ಯಾರೆಂದು ನಿಲುವಿನಿಂದಲೇ ಗುರುತಿಸಬೇಕಾಯಿತು. ಉದ್ದಕ್ಕೆ ಬಾಗಿದವನು ಹೌಕೆ. ವೆಂಡೆಲಿನ್ ಅವನ ಮುಂದೆ ಹೋಗಿ ಟೋಪಿ ತೆಗೆದ. ತಲೆಗೆ ಚಳಿ ಹೊಡೆಯಿತು.

"ಮೇಷ್ಟ್ರೇ, ನಾನವತ್ತು ಕುದುರೆ ಲದ್ದಿ ಅಳೆದೆ. ಎಷ್ಟು ಚೆನ್ನಾಗಿ ಅಳೆದೆ ಅಂದ್ರೆ ಲದ್ದಿ ಹಾಕಿದ ಕುದುರೆಗೂ ಹೆಮ್ಮೆ ಆಗ್ಬೇಕು."

ಯಾರೂ ನಗಲಿಲ್ಲ. ಸಲಿಕೆಗಳು ಒಂದೊಂದಾಗಿ ನಿಂತವು. ದಡದಲ್ಲಿ ಒಬ್ಬ ಗಂಟಲು ಸರಿಮಾಡಿಕೊಂಡ, ಅಷ್ಟೇ. ಅವನ ಪ್ರತಿಯೊಂದು ಹಳಸಲು ತಮಾಷೆಗೂ ನಗುವ ಊರು ಇದಕ್ಕೆ ನಗಲಿಲ್ಲವೆಂದರೆ, ಇದು ಅವರಿಗೆ ಹೊಸ ಸುದ್ದಿಯೇ ಅಲ್ಲ. ವೆಂಡೆಲಿನ್‌ನ ಮಾತು ತೊದಲಿತು. ತಮಾಷೆ ಬಿಟ್ಟು, ತನಗೆ ಕಣ್ಣು ಕಾಣಿಸುವುದಿಲ್ಲ, ಹೌಕೆಯನ್ನು ಹತ್ತು ಜನರ ಮುಂದೆ ಹೀಯಾಳಿಸಿದ್ದು ತಪ್ಪು, ತಲೆ ಬಗ್ಗಿಸಬೇಕಾದವನು ತಾನು ಎಂದ. ಹೌಕೆ ಏನು ಮಾಡಬೇಕೆಂದು ತೋಚದೆ, ಬಿಡಿ ಯಜಮಾನ್ರೇ, ಟೋಪಿ ಹಾಕ್ಕೊಳ್ಳಿ, ಚಳಿ ಇದೆ ಎಂದ.

ವೆಂಡೆಲಿನ್ ಬುರ್ಗಿಯ ಕಡೆ ತಿರುಗಿ, ಪಂದ್ಯ ಮೇಲ್ಕೇರಿಯದು, ಇವತ್ತಿನಿಂದ ಕೆಳಕೇರಿಯವರು ಗುಡಿಸುತ್ತಾರೆ ಎಂದ.

"ಬೇಡ," ಎಂದಳು ಬುರ್ಗಿ. "ಹಾಗೆ ಲೆಕ್ಕ ಹಾಕ್ಕೊಂಡು ಹೋದ್ರೆ ಹೋದ್ವರ್ಷದ್ದೂ ಗುಡಿಸ್ಬೇಕಾಗುತ್ತೆ ನೀವು."

"ಹೋದ್ವರ್ಷಾನೂನಾ?"

ಬುರ್ಗಿ ಬಗ್ಗಿ ಮತ್ತೆ ಹಿಮ ತಳ್ಳತೊಡಗಿದಳು. ಮಾತು ಜಾರಿದ್ದಕ್ಕೆ ಅವಳಿಗೇ ಕೆಡುಕೆನಿಸಿರಬೇಕು. ಹೋದ ಚಳಿಗಾಲ ಸುರಿದ ಹಿಮ ವೆಂಡೆಲಿನ್‌ಗೆ ನೆನಪಿತ್ತು. ಸೊಂಟ ಕೈಕೊಟ್ಟ ಬುರ್ಗಿಯ ತಮ್ಮ ಅದನ್ನೆಲ್ಲ ಗುಡಿಸಿದ್ದೂ ನೆನಪಿತ್ತು. ಅವನ ಸೊಂಟ ಹೋದದ್ದು ಯಾವಾಗ ಎಂದು ಕೇಳುವ ಧೈರ್ಯ ಬರಲಿಲ್ಲ. ಕಾಲ ಕೆಳಗೆ ಮಂಜುಗಡ್ಡೆ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು.

ಟೋಪಿ ಹಾಕಿಕೊಂಡು ಸಲಿಕೆ ಹಿಡಿದ. ಯಾರೂ ತಡೆಯಲಿಲ್ಲ. ಒಂದು ಗಂಟೆ ಎಲ್ಲರೊಂದಿಗೆ ಗುಡಿಸಿದ. ದಡದಲ್ಲಿ ನಿಂತಿದ್ದ ಕೆಳಕೇರಿಯವರೂ ನಿಂತಲ್ಲಿ ನಿಲ್ಲಲಾಗದೆ ಇಳಿದು ಬಂದು ಕೈಹಚ್ಚಿದರು. ಅವರಿಗೂ ಮುಖ ತೋರಿಸಲು ನಾಚಿಕೆಯೇ. ಗೆದ್ದದ್ದು ಸುಳ್ಳೆಂದು ಅವರಿಗೆ ಮೊದಲಿನಿಂದ ಗೊತ್ತಿತ್ತಲ್ಲ.

ಗುಡಿಸಿ ಮುಗಿದ ಮೇಲೆ ಮೈ ಬಿಸಿಯಾಗಿದೆ, ಒಂದು ಸುತ್ತು ಆಡೋಣ ಎಂದಳು ಬುರ್ಗಿ. ವೆಂಡೆಲಿನ್ ಅಳತೆಗೋಲನ್ನು ಕೋಟಿನೊಳಗೆ ಇಟ್ಟುಕೊಂಡು ಬಂದಿದ್ದ. ತೆಗೆದು ಬುರ್ಗಿಗೆ ಚಾಚಿದ. ಬೇಡ, ನಿನ್ನ ಹತ್ತಿರವೇ ಇರಲಿ ಎಂದು ಒಂದು ಬಾಯಿಮಾತಿಗಾದರೂ ಅಂದಾಳು ಎಂದು ಅವನ ಮನಸ್ಸಿನ ಮೂಲೆಯಲ್ಲಿ ಇನ್ನೂ ಆಸೆಯಿತ್ತು. ಅವಳು ಅನ್ನಲಿಲ್ಲ. ತೆಗೆದುಕೊಂಡು ಕಂಕುಳಲ್ಲಿ ಇಟ್ಟುಕೊಂಡಳು. ಅಂಥ ಆಸೆ ಇಟ್ಟುಕೊಂಡದ್ದಕ್ಕೂ ಅವನಿಗೆ ನಾಚಿಕೆಯಾಯಿತು.

ಅವನ ಸರದಿ ಬಂತು. ಸ್ಟಾಕ್ ಎತ್ತಿ ಗೆರೆಯ ಮೇಲೆ ನಿಂತ. ಎರಡು ಚಳಿಗಾಲ ಅವನು ಎಸೆದದ್ದೆಲ್ಲ ಅಂದಾಜಿನಲ್ಲಿ, ಸದ್ದು ಕೇಳಿಕೊಂಡು, ಹಿಂದಿನವರು ಎಸೆದ ದಿಕ್ಕು ನೋಡಿಕೊಂಡು. ಈಗಲೂ ಹಾಗೇ ಎಸೆದುಬಿಡಬಹುದಿತ್ತು. ಕೈ ಹಿಂದಕ್ಕೆ ತೂಗಿದವನು ನಿಲ್ಲಿಸಿದ. ಎದುರಿಗೆ ಬರೀ ಬೆಳ್ಳಗೆ.

"ದೌಬೆ ಎಲ್ಲಿದೆ?" ಎಂದು ಕೇಳಿದ.

"ನೇರಕ್ಕೆ, ಒಂಚೂರು ಎಡಕ್ಕೆ," ಎಂದ ಹೌಕೆ. ಅವನು ಮುಗಿಸುವ ಮೊದಲೇ ಬುರ್ಗಿ, ಇಪ್ಪತ್ತೆಂಟು ಹೆಜ್ಜೆ ಎಂದಳು. ಬಲಗಡೆ ನಮ್ಮದೊಂದು ಸ್ಟಾಕ್ ಇದೆ, ಮುಟ್ಟಿಸಬೇಡ ಎಂದು ಕೆಳಕೇರಿಯವನೊಬ್ಬ ಕೂಗಿದ. ಮೆಲ್ಲಗೆ ಬಿಡು, ಹೊಸದಾಗಿ ಗುಡಿಸಿದ್ದು, ಜಾರುತ್ತೆ ಎಂದ ಇನ್ನೊಬ್ಬ. ಎರಡು ಕೇರಿಯವರೂ ಒಟ್ಟಿಗೇ, ಒಬ್ಬರ ಮೇಲೊಬ್ಬರು, ಅಷ್ಟು ಆತುರದಿಂದ ಹೇಳತೊಡಗಿದರು. ಈ ಒಂದು ಪ್ರಶ್ನೆಗೆ ಅವರೆಲ್ಲ ಎಷ್ಟು ಕಾಲದಿಂದ ಉತ್ತರ ನಾಲಿಗೆಯ ತುದಿಯಲ್ಲಿಟ್ಟುಕೊಂಡು ನಿಂತಿದ್ದರೆಂದು ವೆಂಡೆಲಿನ್‌ಗೆ ಆಗ ತಿಳಿಯಿತು. ಮುಖ ಯಾರಿಗೂ ಕಾಣದಿರಲೆಂದು ತಲೆ ತಗ್ಗಿಸಿಕೊಂಡೇ, ಅವರು ಹೇಳಿದ ಕಡೆಗೆ ಸ್ಟಾಕನ್ನು ಬಿಟ್ಟ.