ಟ್ಯಾಂಕಿನಲ್ಲಿ ಉಳಿದ ಡೀಸೆಲ್

ಡಲ್ಸಿಯ ಮಗ ಸತ್ತ ಮೇಲೆ ಬುಡಕಟ್ಟಿನ ಪದ್ಧತಿಯಂತೆ ವರ್ಷವಿಡೀ ಯಾರೂ ಅವನ ಹೆಸರೆತ್ತಲಿಲ್ಲ, ಅವನ ಹಳೆಯ ಜೀಪನ್ನೂ ಮುಟ್ಟಲಿಲ್ಲ. ಸೂತಕ ಕಳೆದು ಜೀಪಿಗೆ ಶುದ್ಧಿಯ ಎಲೆಹೊಗೆ ಹಾಕಿಸಿದ ಮೇಲೆ, ಅಳಿಯ ಕ್ಲಿಫ್ಟನ್ ಅದರಲ್ಲೇ ಅವಳನ್ನು ಡಯಾಲಿಸಿಸ್‌ಗೆಂದು ದೂರದ ಆಲಿಸ್ ಸ್ಪ್ರಿಂಗ್ಸ್ ಪಟ್ಟಣಕ್ಕೆ ಕರೆದೊಯ್ಯುತ್ತಿದ್ದ. ನಡುದಾರಿಯಲ್ಲಿ ಎಂಜಿನ್ ಎರಡನೇ ಸಲ ನಿಂತಿತು. ತೊಳೆದಿದ್ದ ಫಿಲ್ಟರಿನಲ್ಲಿ ಮತ್ತೆ ಕಪ್ಪು ಲೋಳೆ.

“ನಿಂತು ನಿಂತು ಡೀಸೆಲ್ ಪಾಚಿಗಟ್ಟಿದೆ ಅತ್ತೆ. ಹೊರಡೋ ಮುಂಚೆ ಚೆಲ್ಲಬೇಕಿತ್ತು. ಅವನು ತುಂಬಿಸಿದ್ದು ಅಂತ ಮನಸ್ಸು ಬರ್ಲಿಲ್ಲ.”

“ನಾನೂ ಅವನ ಹಿಂದೇನೇ ಹೋಗ್ಲಿ ಅಂತಾನಾ? ಚೆಲ್ಲೋ, ದಡ್ಡ.”

ಕ್ಲಿಫ್ಟನ್ ಟ್ಯಾಂಕಿನ ತಳದ ಬಿರಡೆ ತೆಗೆದ. ಕೆಂಪು ಮಣ್ಣು ಅಷ್ಟನ್ನೂ ಹೀರುವವರೆಗೆ ಡಲ್ಸಿ ಅತ್ತ ನೋಡದೆ ಮುಖ ತಿರುಗಿಸಿದ್ದಳು. ಅವನು ಬಿರಡೆ ಹಾಕಿ, ಫಿಲ್ಟರ್ ತೊಳೆದು, ಜೊತೆಗೆ ತಂದಿದ್ದ ಕ್ಯಾನಿನ ಹೊಸ ಡೀಸೆಲ್ ಸುರಿದು, ಎಂಜಿನ್ನಿಗೆ ಡೀಸೆಲ್ ಹರಿಸುವ ಕೈಪಂಪನ್ನು ಅದು ಬಿಗಿಯಾಗುವವರೆಗೆ ಒತ್ತಿದ. ಎಂಜಿನ್ ಹತ್ತಿಕೊಂಡಿತು.

“ನಡಿ,” ಎಂದಳು ಡಲ್ಸಿ. ಅವಳ ಕೆನ್ನೆ ಒದ್ದೆಯಾಗಿತ್ತು.